ಎಲ್ಲಿಂದ ಓದಬೇಕು? ಸ್ಟಾರ್ ವಾರ್ಸ್ ಕಾಮಿಕ್ಸ್ ಮತ್ತು ಪಾಠಾಂತರದ ಪ್ರಶ್ನೆ

ವಡೋದರದ ಮಿತ್ರರೊಬ್ಬರ ಮನೆಯಲ್ಲಿ ನಮ್ಮ ಓದುಕೂಟ ಸೇರಿದ್ದ ಒಂದು ಭಾನುವಾರ ರನ್ನನ ‘ಗದಾಯುದ್ಧ’ದ ವಾಚನ ನಡೆದಿತ್ತು. ಅಹಮದಾಬಾದಿನವರು ಬೆಳಗಿನ ರೈಲಿಗೇ ಬಂದಿದ್ದರು. ಸೂರತ್ತಿನಿಂದ ಎರಡು ಕುಟುಂಬಗಳು ಬಂದಿದ್ದವು. ವಾಚನ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮನೆಯ ಹುಡುಗ ಒಂದು ರಟ್ಟಿನ ಪೆಟ್ಟಿಗೆಯನ್ನು ಎಳೆದುಕೊಂಡು ಬಂದ. ಅಮೆರಿಕದಿಂದ ಮರಳಿದ ದಾಯಾದಿಯೊಬ್ಬ ಬಿಟ್ಟುಹೋದ ಸ್ಟಾರ್ ವಾರ್ಸ್ ಕಾಮಿಕ್ಸ್ ಪುಸ್ತಕಗಳು ಅದರಲ್ಲಿದ್ದವು. ‘ಅಂಕಲ್, ಇದರಲ್ಲಿ ಯಾವುದು ಫಸ್ಟ್ ಓದ್ಬೇಕು?’ ಎಂದು ಕೇಳಿದ. ‘ಮೊದಲಿನಿಂದ ಓದಪ್ಪ’ ಎಂದರು ಕೂಟದ ಹಿರಿಯರು. ‘ಮೊದಲು ಯಾವುದು ಅಂತಾನೇ ಗೊತ್ತಾಗ್ತಿಲ್ಲ ತಾತ, ಎರಡು ಪುಸ್ತಕದ ಮೇಲೆ ಒಂದೇ ಹೆಸರು, ಒಂದೇ ನಂಬರ್ ಇದೆ’ ಎಂದ ಹುಡುಗ.

ಪೆಟ್ಟಿಗೆಯನ್ನು ನೋಡಿದಾಗ ಹುಡುಗನ ದೂರು ನಿಜವೆನಿಸಿತು. ‘ಡಾರ್ತ್ ವೇಡರ್, ಸಂಪುಟ 1’ ಎಂಬ ಎರಡು ಬೇರೆ ಬೇರೆ ಪುಸ್ತಕಗಳಿದ್ದವು. ಕತೆ ಬೇರೆ, ಬರೆದವರು ಬೇರೆ. ಇನ್ನು ಕೆಲವು ಪುಸ್ತಕಗಳ ನೆತ್ತಿಯ ಮೇಲೆ ‘ಲೆಜೆಂಡ್ಸ್’ ಎಂಬ ಪಟ್ಟಿ ಇತ್ತು, ಉಳಿದವುಗಳ ಮೇಲೆ ಇರಲಿಲ್ಲ. ಅಂದು ನಾವು ಉತ್ತರ ಹೇಳಲಿಲ್ಲ. ಹೇಳಲು ಬರಲಿಲ್ಲ ಎನ್ನುವುದೇ ಸರಿ. ಆಮೇಲೆ ಓದಿ, ಕೇಳಿ, ತುಲನೆ ಮಾಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ನಮ್ಮ ಮಕ್ಕಳು ಓದಿನ ರುಚಿಯನ್ನು ಕಾಮಿಕ್ಸ್‌ನಿಂದಲೇ ಹಿಡಿಯುವುದು ಹೆಚ್ಚು. ಅವರ ಮೊದಲ ಪ್ರಶ್ನೆಗೆ ‘ಏನೋ ಒಂದು ಓದು’ ಎಂದು ಕೈಬೀಸಿಬಿಟ್ಟರೆ ಎರಡನೆಯ ಪ್ರಶ್ನೆಯನ್ನು ಅವರು ನಮ್ಮಲ್ಲಿಗೆ ತರುವುದಿಲ್ಲ.

ತೊಡಕು ಸಿನಿಮಾದಿಂದಲೇ ಆರಂಭವಾಗುತ್ತದೆ. ಜಾರ್ಜ್ ಲ್ಯೂಕಸ್ ನಿರ್ದೇಶಿಸಿದ ಮೊದಲ ಚಿತ್ರ 1977ರ ಮೇ 25ರಂದು ಬಿಡುಗಡೆಯಾಯಿತು. ಅದು ಕತೆಯ ನಾಲ್ಕನೆಯ ಭಾಗ ಎಂಬ ಶೀರ್ಷಿಕೆ ಅಂದಿನ ಪ್ರೇಕ್ಷಕರ ಕಣ್ಣಿಗೆ ಬೀಳಲಿಲ್ಲ. ಅದನ್ನು ಸೇರಿಸಿದ್ದು 1981ರ ಮರುಬಿಡುಗಡೆಯಲ್ಲಿ. ಒಂದು, ಎರಡು, ಮೂರನೆಯ ಭಾಗಗಳು ಬಂದದ್ದು 1999ರಿಂದ 2005ರ ನಡುವೆ. ಎಂದರೆ, ಕತೆಯ ಕಾಲಕ್ರಮ ಒಂದು, ಹೇಳಿದ ಕ್ರಮ ಇನ್ನೊಂದು. ಜನಮೇಜಯನ ಸರ್ಪಯಾಗದಲ್ಲಿ ಕುಳಿತು ಅವನ ಮುತ್ತಜ್ಜಂದಿರ ಕತೆ ಕೇಳುವ ನಮಗೆ ಇದು ಹೊಸತಲ್ಲ. ಕಾಮಿಕ್ಸ್‌ನಲ್ಲಿ ಮಾತ್ರ ಇದರ ಮೇಲೆ ಮೂರನೆಯ ತೊಡಕೊಂದು ಬಂದು ಸೇರಿದೆ: ಯಾವುದು ‘ನಿಜವಾಗಿ ನಡೆದ’ ಕತೆ, ಯಾವುದು ಅಲ್ಲ ಎಂಬುದು. ಅದನ್ನು ಬಿಡಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲ್ಯೂಕಸ್ ಮೊದಲು ಮಾಡಬಯಸಿದ್ದು ಸ್ಟಾರ್ ವಾರ್ಸ್ ಅಲ್ಲ, ‘ಫ್ಲ್ಯಾಶ್ ಗಾರ್ಡನ್’. 1934ರ ಜನವರಿಯಲ್ಲಿ ಅಲೆಕ್ಸ್ ರೇಮಂಡ್ ಅಮೆರಿಕದ ಪತ್ರಿಕೆಗಳ ಭಾನುವಾರದ ಪುಟದಲ್ಲಿ ಆರಂಭಿಸಿದ ಬಾಹ್ಯಾಕಾಶ ಸಾಹಸದ ಚಿತ್ರಮಾಲೆ ಅದು. ಅದರ ಹಕ್ಕು ಸಿಗದೆ ಹೋದದ್ದರಿಂದ ಅವರು ತಮ್ಮದೇ ಕತೆಯನ್ನು ಕಟ್ಟಿಕೊಂಡರು. ಚಿತ್ರದ ಆರಂಭದಲ್ಲಿ ನಕ್ಷತ್ರಗಳ ನಡುವೆ ಮೇಲಕ್ಕೆ ಸರಿಯುತ್ತಾ ಹೋಗುವ ಅಕ್ಷರಗಳ ಸಾಲು ಕೂಡ ಫ್ಲ್ಯಾಶ್ ಗಾರ್ಡನ್‌ನ ಹಳೆಯ ಧಾರಾವಾಹಿ ಚಿತ್ರಗಳಿಂದ ಬಂದದ್ದು. ಹೀಗೆ ಈ ಸಿನಿಮಾ ಕಾಮಿಕ್ಸ್‌ನ ಹೊಟ್ಟೆಯಲ್ಲೇ ಹುಟ್ಟಿ ಮತ್ತೆ ಕಾಮಿಕ್ಸ್‌ಗೆ ಮರಳಿದೆ. ಆ ಫ್ಲ್ಯಾಶ್ ಗಾರ್ಡನ್ ನಮ್ಮ ತಲೆಮಾರಿಗೆ ಅಪರಿಚಿತನಲ್ಲ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ವೇತಾಳ ಫ್ಯಾಂಟಮ್, ಮಾಂಡ್ರೇಕರ ಜೊತೆ ಅವನನ್ನೂ ತಂದಿತ್ತು, ಕನ್ನಡ ಗುಜರಾತಿಗಳೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ. 1976ರ ಕೊನೆಯಲ್ಲಿ ಅದೇ ಮಾಲಿಕೆಗೆ ‘ಬಹಾದುರ್’ ಎಂಬ ದೇಶೀ ನಾಯಕನನ್ನು ಸೃಷ್ಟಿಸಿಕೊಟ್ಟವರು ಗುಜರಾತಿ ಸಾಹಿತಿ ಆಬಿದ್ ಸುರ್ತಿ. ಇಂದ್ರಜಾಲದ ಆರಂಭದ ದಿನಗಳಲ್ಲಿ ಅಲ್ಲಿ ದುಡಿದವರಲ್ಲಿ ನಮ್ಮ ಕಾರ್ಕಳದ ಅನಂತ ಪೈ ಒಬ್ಬರು; ಮುಂದೆ ‘ಅಮರ ಚಿತ್ರ ಕಥೆ’ಯ ಸಂಪಾದಕರಾಗಿ ಅವರು ದೇಶಕ್ಕೆಲ್ಲ ‘ಪೈ ಅಂಕಲ್’ ಆದರು. (ಅಮರ ಚಿತ್ರ ಕಥೆ ಮೊದಲು ಅಚ್ಚಾದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ; 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಗುಜರಾತಿ ಮಿತ್ರರ ಮುಂದೆ ಈ ಸಂಗತಿ ಹೇಳುವಾಗ ನಮ್ಮ ಎದೆ ಸ್ವಲ್ಪ ಉಬ್ಬುತ್ತದೆ.) ಅಹಮದಾಬಾದಿನ ಸಾಬರಮತಿ ದಂಡೆಯ ಭಾನುವಾರದ ಗುಜರಿ ಬಜಾರಿನಲ್ಲಿ ಒಮ್ಮೆ ಹಳೆಯ ಬೀಗ, ನಲ್ಲಿಗಳ ರಾಶಿಯ ಪಕ್ಕದಲ್ಲಿ ಗುಜರಾತಿ ಇಂದ್ರಜಾಲದ ಸಂಚಿಕೆಯೊಂದು ನಮಗೆ ಸಿಕ್ಕಿತು, 30 ರೂಪಾಯಿಗೆ. ನಾವು ಬಾಲ್ಯದಲ್ಲಿ ಕನ್ನಡದಲ್ಲಿ ನೋಡಿದ್ದ ಅದೇ ಚಿತ್ರಗಳ ಬಾಯಲ್ಲಿ ಗುಜರಾತಿ ಇತ್ತು.

ಈಗ ಸ್ಟಾರ್ ವಾರ್ಸ್ ಕಾಮಿಕ್ಸ್‌ನ ಮೊದಲ ಯುಗಕ್ಕೆ ಬರೋಣ. ಮಾರ್ವೆಲ್ ಸಂಸ್ಥೆಯ ಮೊದಲ ಸಂಚಿಕೆ ಸಿನಿಮಾಕ್ಕಿಂತ ಮುಂಚೆಯೇ, 1977ರ ಏಪ್ರಿಲ್‌ನಲ್ಲಿ, ಅಂಗಡಿಗೆ ಬಂದಿತು. ಬರೆದವರು ರಾಯ್ ಥಾಮಸ್, ಚಿತ್ರಿಸಿದವರು ಹೊವಾರ್ಡ್ ಚೇಕಿನ್. ಮೊದಲ ಆರು ಸಂಚಿಕೆಗಳಲ್ಲಿ ಸಿನಿಮಾದ ಕತೆ ಮುಗಿಯಿತು. ಏಳನೆಯದರಿಂದ ಕಾಮಿಕ್ಸ್ ತನ್ನ ಕಾಲ ಮೇಲೆ ತಾನು ನಡೆಯತೊಡಗಿತು. ಮುಂದಿನ ಸಿನಿಮಾದಲ್ಲಿ ಏನಾಗಲಿದೆ ಎಂಬುದು ಬರೆಯುವವರಿಗೆ ತಿಳಿದಿರಲಿಲ್ಲ. ಹಾಗಾಗಿ ಇಲ್ಲಿ ಒಂದು ಬಗೆಯ ಹಳ್ಳಿಯಾಟದ ಧೈರ್ಯವಿದೆ. ಎಂಟನೆಯ ಸಂಚಿಕೆಯಲ್ಲಿ ಮನುಷ್ಯನಷ್ಟೆತ್ತರದ ಹಸಿರು ಮೊಲವೊಂದು, ಜಾಕ್ಸನ್ ಎಂದು ಅದರ ಹೆಸರು, ಬಂದೂಕು ಹಿಡಿದು ನಾಯಕನ ಪಡೆ ಸೇರುತ್ತದೆ. ಜಬ್ಬಾ ಎಂಬ ಕಳ್ಳಸಾಗಣೆದಾರ ಈ ಸಂಚಿಕೆಗಳಲ್ಲಿ ಎರಡು ಕಾಲಿನ, ಹಳದಿ ಮೈಯ, ತೆಳ್ಳನೆಯ ಜೀವಿ. 1983ರ ಸಿನಿಮಾದಲ್ಲಿ ಆತ ಗುಡ್ಡದಂತೆ ಬಿದ್ದುಕೊಂಡಿರುವ ದೈತ್ಯ ಹುಳುವಾಗಿ ಕಾಣಿಸಿಕೊಂಡ. 1977ರ ಸಿನಿಮಾದಿಂದ ಅವನ ದೃಶ್ಯವನ್ನು ಕತ್ತರಿಸಿದ್ದರಿಂದ ಕಾಮಿಕ್ಸ್ ಬರೆದವರ ಮುಂದೆ ನೋಡಲು ಮಾದರಿಯಿರಲಿಲ್ಲ. ಅವರು ತಮಗೆ ಕಂಡಂತೆ ಬರೆದರು. ಹಸ್ತಪ್ರತಿಗಳ ಪರಿಚಯವಿರುವವರಿಗೆ ಇದು ಚೆನ್ನಾಗಿ ಗೊತ್ತು. ಮೂಲ ಕೈಗೆ ಸಿಗದಿದ್ದಾಗ ಲಿಪಿಕಾರ ತನ್ನ ಊಹೆಯಿಂದ ತುಂಬುತ್ತಾನೆ, ಆ ಊಹೆ ಒಂದು ಪಾಠಾಂತರವಾಗಿ ಉಳಿಯುತ್ತದೆ.

ಈ ಚಿತ್ರಗಳನ್ನೆಲ್ಲ ದೂರದ ದೇಶದ ದೂರದ ಆಕಾಶದ ಮಾತೆಂದು ನಾವು ನೋಡುವ ರೂಢಿ. ಆದರೆ ಈ ಸಿನಿಮಾ ತೆರೆಗೆ ಬರುವ ಒಂದೆರಡು ವರ್ಷ ಮೊದಲು, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಕನ್ನಡ ಕಾರ್ಯಕ್ರಮಗಳು ಎಟಿಎಸ್-6 ಉಪಗ್ರಹವನ್ನು ಮುಟ್ಟಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಇಳಿಯುತ್ತಿದ್ದವು. ‘ಸೈಟ್’ ಎಂಬ ಆ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ದೂರದರ್ಶನ ನೋಡಿದವು. ಬಾಹ್ಯಾಕಾಶಕ್ಕೆ ಹೋಗಿಬಂದ ಕನ್ನಡ ನಾವಿರುವ ಊರಿನ ಮೇಲಿಂದಲೇ ಹೋಗಿತ್ತು. ಇದು ವಿಷಯಾಂತರ, ಆದರೂ ಹೇಳದಿರಲಾಗಲಿಲ್ಲ.

ಮಾರ್ವೆಲ್‌ನ ಮೊದಲ ಮಾಲಿಕೆ 107 ಸಂಚಿಕೆಗಳ ನಂತರ 1986ರಲ್ಲಿ ನಿಂತಿತು. ಅದರಲ್ಲಿ ಕೊಂಡು ಇಟ್ಟುಕೊಳ್ಳಬೇಕಾದ್ದು ಎರಡನೆಯ ಸಿನಿಮಾದ ರೂಪಾಂತರ: ಆರ್ಚಿ ಗುಡ್‌ವಿನ್ ಬರೆದು ಅಲ್ ವಿಲಿಯಮ್ಸನ್ ಚಿತ್ರಿಸಿದ್ದು. ವಿಲಿಯಮ್ಸನ್ ಹಿಂದೆ ಫ್ಲ್ಯಾಶ್ ಗಾರ್ಡನ್‌ಗೂ ಚಿತ್ರ ಬರೆದವರು. ಅವರ ಮಸಿಗೆರೆಗಳಲ್ಲಿ ಅಲೆಕ್ಸ್ ರೇಮಂಡರ ಕೈ ಕಾಣುತ್ತದೆ. ವಂಶವೃಕ್ಷ ಅಲ್ಲಿಗೆ ಕೂಡಿಕೊಳ್ಳುತ್ತದೆ.

ಎರಡನೆಯ ಯುಗ ಡಾರ್ಕ್ ಹಾರ್ಸ್ ಎಂಬ ಪ್ರಕಾಶನದ್ದು. 1991ರ ಕೊನೆಯಲ್ಲಿ ಟಾಮ್ ವೀಚ್ ಬರೆದು ಕ್ಯಾಮ್ ಕೆನಡಿ ಚಿತ್ರಿಸಿದ ‘ಡಾರ್ಕ್ ಎಂಪೈರ್’ನಿಂದ ಅದು ತೊಡಗಿತು. ಸಿನಿಮಾಗಳು ನಿಂತುಹೋಗಿ ಎಂಟು ವರ್ಷ ಕಳೆದಿದ್ದ ಕಾಲ ಅದು. ಕತೆಯನ್ನು ಮುಂದುವರಿಸುವ ಹೊಣೆಯನ್ನು ಕಾದಂಬರಿಗಳೂ ಕಾಮಿಕ್ಸ್ ಪುಸ್ತಕಗಳೂ ಹೊತ್ತುಕೊಂಡವು. ಸತ್ತ ಚಕ್ರವರ್ತಿ ತದ್ರೂಪಿ ದೇಹಗಳಲ್ಲಿ ಮರಳಿ ಬರುತ್ತಾನೆ; ನಾಯಕ ಲ್ಯೂಕ್ ಒಳಗಿನಿಂದ ಗೆಲ್ಲಲು ಅವನ ಪಾಳೆಯವನ್ನೇ ಸೇರುತ್ತಾನೆ. ಕೆನಡಿಯ ಬಣ್ಣಗಳು ಮಬ್ಬು ಹಸಿರು, ಮಬ್ಬು ನೀಲಿ. ಪುಟಪುಟವೂ ಪಾಚಿಗಟ್ಟಿದ ಕಲ್ಯಾಣಿಯ ಹಾಗೆ. ಮುಂದಿನ ಎರಡು ದಶಕಗಳಲ್ಲಿ ಈ ಪ್ರಕಾಶನ ಕತೆಯ ಪೂರ್ವೋತ್ತರಗಳನ್ನು ಸಾವಿರಾರು ವರ್ಷ ಹಿಗ್ಗಿಸಿತು. ಸಿನಿಮಾಕ್ಕಿಂತ ಸುಮಾರು 4000 ವರ್ಷ ಹಿಂದೆ ನಡೆಯುವ, ಜಾನ್ ಜ್ಯಾಕ್ಸನ್ ಮಿಲ್ಲರ್ ಬರೆದ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ (2006–2010) ಈ ಯುಗದಲ್ಲಿ ನಮಗೆ ಹೆಚ್ಚು ಇಷ್ಟವಾದದ್ದು. ಸಹಪಾಠಿಗಳ ಕೊಲೆಯ ಸುಳ್ಳು ಆರೋಪ ಹೊತ್ತು ಓಡುವ ಒಬ್ಬ ದಡ್ಡ ಶಿಷ್ಯನ ಕತೆ. ಗುರುಗಳೇ ಕೊಂದಿದ್ದಾರೆ, ಶಿಷ್ಯ ಓಡುತ್ತಿದ್ದಾನೆ.

2012ರ ಅಕ್ಟೋಬರ್‌ನಲ್ಲಿ ಡಿಸ್ನಿ ಸಂಸ್ಥೆ ಸುಮಾರು 400 ಕೋಟಿ ಡಾಲರ್‌ಗೆ ಲ್ಯೂಕಸ್‌ಫಿಲ್ಮ್ ಅನ್ನು ಕೊಂಡಿತು. 2014ರ ಏಪ್ರಿಲ್ 25ರಂದು ಪ್ರಕಟಣೆಯೊಂದು ಹೊರಬಿತ್ತು: ಸಿನಿಮಾಗಳು ಮತ್ತು ಕೆಲವೇ ಕೆಲವು ಕೃತಿಗಳನ್ನು ಬಿಟ್ಟು ಅದುವರೆಗೆ ಬಂದ ಎಲ್ಲ ಕಾದಂಬರಿ, ಕಾಮಿಕ್ಸ್ ಇನ್ನು ಮುಂದೆ ‘ಲೆಜೆಂಡ್ಸ್’, ಎಂದರೆ ದಂತಕತೆ, ಪ್ರಮಾಣ ಕತೆಗೆ ಅವು ಸೇರುವುದಿಲ್ಲ. ಹೊಸ ಸಿನಿಮಾ ಮಾಡುವವರ ಕೈ ಕಟ್ಟಬಾರದು ಎಂಬುದು ಕಾರಣ. ವ್ಯಾಪಾರದ ದೃಷ್ಟಿಯಿಂದ ಅದು ಅನ್ಯಾಯವೇನಲ್ಲ. ಆದರೆ 37 ವರ್ಷ ಓದಿದ್ದವರಿಗೆ ಒಂದೇ ಬೆಳಗಿನಲ್ಲಿ ‘ನೀವು ಓದಿದ್ದು ನಡೆದೇ ಇಲ್ಲ’ ಎಂದು ಹೇಳಿದಂತಾಯಿತು. ಹುಡುಗನ ಪೆಟ್ಟಿಗೆಯಲ್ಲಿ ಕೆಲವು ಪುಸ್ತಕಗಳ ನೆತ್ತಿಗೆ ಪಟ್ಟಿ ಬಿದ್ದದ್ದು ಹೀಗೆ.

ಇದನ್ನು ಯೋಚಿಸುವಾಗ ನಮಗೆ ವಡೋದರ ನಗರವೇ ಬೇರೊಂದು ರೀತಿಯಲ್ಲಿ ನೆನಪಾಗುತ್ತದೆ. ಇಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ವಾಲ್ಮೀಕಿ ರಾಮಾಯಣದ ಸಂಶೋಧಿತ ಆವೃತ್ತಿಯನ್ನು 1960ರಿಂದ 1975ರ ನಡುವೆ ಏಳು ಕಾಂಡಗಳಿಗೆ ಏಳು ಸಂಪುಟಗಳಂತೆ ಪ್ರಕಟಿಸಿತು. ಬಾಲಕಾಂಡದ ಸಂಪಾದಕರು ಜಿ.ಎಚ್. ಭಟ್ಟ, ಉತ್ತರಕಾಂಡದ ಸಂಪಾದಕರು ಯು.ಪಿ. ಶಾಹ. ದೇಶದ ಮೂಲೆಮೂಲೆಗಳ ಹಸ್ತಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿ ಯಾವುದು ಮೂಲಕ್ಕೆ ಹತ್ತಿರ, ಯಾವುದು ಪ್ರಕ್ಷಿಪ್ತ ಎಂದು ತೀರ್ಮಾನಿಸುವ ಕೆಲಸ ಅದು. ಪುಣೆಯ ಭಾಂಡಾರ್ಕರ್ ಸಂಸ್ಥೆ ಮಹಾಭಾರತಕ್ಕೆ ಇದನ್ನೇ ಮಾಡಿತು. ಆ ತೀರ್ಮಾನಗಳೂ ನಿಷ್ಠುರವೇ. ವ್ಯಾಸರು ಹೇಳಿ ಗಣಪತಿ ಬರೆದುಕೊಂಡ ಪ್ರಸಂಗವನ್ನು ಎಲ್ಲ ಮಕ್ಕಳೂ ಬಲ್ಲರು. ಪುಣೆಯ ಸಂಪಾದಕರು ಅದು ಪ್ರಾಚೀನ ಪಾಠಕ್ಕೆ ಸೇರಿದ್ದಲ್ಲ ಎಂದು ಕಂಡು ಮುಖ್ಯ ಪಠ್ಯದಿಂದ ಹೊರಗಿಟ್ಟರು. ಆದರೆ ಎಸೆಯಲಿಲ್ಲ. ಅನುಬಂಧದಲ್ಲಿ ಮುದ್ರಿಸಿದರು. ಈ ಆವೃತ್ತಿಗಳ ಪುಟವನ್ನು ತೆರೆದು ನೋಡಿದವರಿಗೆ ಗೊತ್ತು: ಮೇಲೆ ಒಪ್ಪಿದ ಪಾಠ, ಕೆಳಗೆ ಒಪ್ಪದ ಪಾಠಗಳೆಲ್ಲ ಸಣ್ಣಕ್ಷರದಲ್ಲಿ, ಯಾವ ಪ್ರತಿಯಲ್ಲಿದೆ ಎಂಬ ಗುರುತಿನೊಂದಿಗೆ. ಕೆಲವು ಪುಟಗಳಲ್ಲಿ ಮೇಲಿನದಕ್ಕಿಂತ ಕೆಳಗಿನದೇ ಹೆಚ್ಚು.

ಆ ಕೆಲಸ ನಡೆಯುತ್ತಿದ್ದ ಕಾಲದಲ್ಲೇ, 1950ರ ದಶಕದ ಕೊನೆಯಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಮೈಸೂರಿನಿಂದ ಬಂದ ಎ.ಕೆ. ರಾಮಾನುಜನ್ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಮುಂದೆ ಮುನ್ನೂರು ರಾಮಾಯಣಗಳನ್ನು ಕುರಿತ ಪ್ರಸಿದ್ಧ ಪ್ರಬಂಧದಲ್ಲಿ ಅವರು ಹಿಡಿದ ದಾರಿ ಇದಕ್ಕೆ ಬೇರೆ: ಅವರಿಗೆ ಒಂದು ಮೂಲ ಮತ್ತು ಅದರ ವಿಕೃತಿಗಳು ಎಂಬ ಲೆಕ್ಕವೇ ಒಪ್ಪಿಗೆಯಿಲ್ಲ, ಪ್ರತಿಯೊಂದು ಹೇಳಿಕೆಯೂ ತನ್ನದೇ ಆದ ಕತೆ. ಇಂಗ್ಲಿಷ್ ಎಂ.ಎ. ಓದಿದ ನಮಗೆ ರಾಮಾನುಜನ್ ಮೊದಲು ಪಠ್ಯದಲ್ಲಿ ಸಿಕ್ಕವರು. ಅವರು ಈ ಊರಿನ ಬೀದಿಗಳಲ್ಲಿ ನಡೆದಿದ್ದರೆಂಬುದು ಗುಜರಾತಿಗೆ ವರ್ಗವಾಗಿ ಬಂದ ಮೇಲೆ ತಿಳಿಯಿತು. ಭಟ್ಟ, ಶಾಹರ ದಾರಿ, ರಾಮಾನುಜನ್ನರ ದಾರಿ, ಇವುಗಳಲ್ಲಿ ಯಾವುದೂ ಪುಸ್ತಕವನ್ನು ಸುಡುವುದಿಲ್ಲ. ಪಂಪನ ಭಾರತವನ್ನು ಓದಿದವನು ಕುಮಾರವ್ಯಾಸನನ್ನು ಓದಲು ಯಾರ ಅನುಮತಿಯನ್ನೂ ಕೇಳಿಲ್ಲ.

ಕಂಪನಿಯೂ ಕೊನೆಗೆ ಪುಸ್ತಕಗಳನ್ನು ಸುಡಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. 2015ರಿಂದ ಮಾರ್ವೆಲ್ ಹಳೆಯ ಕತೆಗಳನ್ನು ‘ಲೆಜೆಂಡ್ಸ್’ ಪಟ್ಟಿ ಹಚ್ಚಿ ‘ಎಪಿಕ್ ಕಲೆಕ್ಷನ್’ ಎಂಬ ದಪ್ಪ ಸಂಪುಟಗಳಲ್ಲಿ ಮತ್ತೆ ಮಾರುತ್ತಿದೆ. ಅನುಬಂಧಕ್ಕೂ ಬೆಲೆಯಿದೆ ಎಂದು ಅವರಿಗೂ ತಿಳಿದಿದೆ. ಇನ್ನೂ ಸ್ವಾರಸ್ಯವೆಂದರೆ, ಹೊರಗೆ ಹಾಕಿದವರು ಒಬ್ಬೊಬ್ಬರಾಗಿ ಹಿಂಬಾಗಿಲಿನಿಂದ ಒಳಬರುತ್ತಿದ್ದಾರೆ. 1991ರ ಕಾದಂಬರಿಯೊಂದರ ನೀಲಿ ಮೈಯ ದಂಡನಾಯಕ ಥ್ರಾನ್ 2016ರಲ್ಲಿ ಕಿರುತೆರೆಯ ಮೂಲಕ ಪ್ರಮಾಣ ಕತೆಗೆ ಮರಳಿದ. ‘ಡಾರ್ಕ್ ಎಂಪೈರ್’ನಲ್ಲಿ ಆದಂತೆಯೇ 2019ರ ಸಿನಿಮಾದಲ್ಲಿ ಚಕ್ರವರ್ತಿ ಸಾವಿನಿಂದ ಮರಳಿದ. ಹಸಿರು ಮೊಲವೂ 2018ರ ಮಕ್ಕಳ ಸಂಚಿಕೆಯೊಂದರಲ್ಲಿ ಕಿವಿ ನಿಮಿರಿಸಿಕೊಂಡು ಬಂದು ಕುಳಿತಿತು.

ಹಾಗಾದರೆ ಎಲ್ಲಿಂದ ಓದಬೇಕು? 4000 ವರ್ಷ ಹಿಂದಿನ ಕತೆಯಿಂದ ತೊಡಗಿ ಕಾಲಕ್ರಮದಲ್ಲಿ ಬರುವವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಪ್ರಕಟವಾದ ಕ್ರಮದಲ್ಲಿ 1977ರಿಂದ ಓದಲು ಸಂಶೋಧಕನ ತಾಳ್ಮೆ ಬೇಕು. ಹದಿಮೂರರ ಹುಡುಗನಿಗೆ ಹಳೆಯ ಸಂಚಿಕೆಗಳ ಕಿಕ್ಕಿರಿದ ಮಾತು ಬೇಸರ ತರುತ್ತದೆ. ಅಂದು ಕೂಟದಲ್ಲಿ ಓದಿದ ಕಾವ್ಯವೇ ನಮಗೆ ಉತ್ತರ ಕೊಟ್ಟಿತು. ರನ್ನ ಭಾರತದ ಕತೆಯನ್ನು ಆದಿಯಿಂದ ಹೇಳುವುದಿಲ್ಲ. ಯುದ್ಧ ಮುಗಿಯುತ್ತ ಬಂದಿದೆ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ, ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಮರುಗುತ್ತಾನೆ. ನಡೆಯುವ ಸಿಂಹ ಹಿಂದಿರುಗಿ ನೋಡುವಂತೆ, ಸಿಂಹಾವಲೋಕನ ಕ್ರಮದಲ್ಲಿ, ಹಿಂದಿನ ಕತೆಯೆಲ್ಲ ಬಂದು ಸೇರುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಹೋರೇಸನ ಹೆಸರು ಹೇಳಿ ನಡುವಿನಿಂದ ಕತೆ ಆರಂಭಿಸುವ ಕ್ರಮವನ್ನು ನಮಗೆ ಕಲಿಸಿದರು. ರನ್ನನದು ನಡುವೂ ಅಲ್ಲ, ಕೊನೆಯ ದಿನ. ಅದೂ ಸೋತವನ ಕಣ್ಣಿನಿಂದ.

ಮಾರ್ವೆಲ್ 2015ರಲ್ಲಿ ಆರಂಭಿಸಿದ ‘ಡಾರ್ತ್ ವೇಡರ್’ ಮಾಲಿಕೆ ಹೀಗೆಯೇ ತೊಡಗುತ್ತದೆ. ಬರೆದವರು ಕೀರನ್ ಗಿಲ್ಲನ್, ಚಿತ್ರ ಸಾಲ್ವದೋರ್ ಲರೋಕಾ. ಒಟ್ಟು 25 ಸಂಚಿಕೆಗಳು. ಮೊದಲ ಸಿನಿಮಾದ ಕೊನೆಯಲ್ಲಿ ಸಾಮ್ರಾಜ್ಯದ ಮಹಾಕೋಟೆ ಸಿಡಿದುಹೋಗಿದೆ. ಬದುಕುಳಿದ ವೇಡರ್ ಚಕ್ರವರ್ತಿಯ ಕಣ್ಣಲ್ಲಿ ಅಪರಾಧಿ. ತನಗಿಂತ ಸಣ್ಣವನಾದ ಟ್ಯಾಗ್ ಎಂಬ ಸೇನಾನಿಯ ಕೈಕೆಳಗೆ ಅವನನ್ನು ನಿಲ್ಲಿಸಲಾಗಿದೆ. ಸರಕಾರಿ ಕಚೇರಿಯಲ್ಲಿ ದುಡಿಯುವವರಿಗೆ ಈ ಸಂಚಿಕೆಗಳು ವಿಶೇಷವಾಗಿ ಅರ್ಥವಾಗುತ್ತವೆ. ಕೋಟೆಯನ್ನು ಒಡೆದ ಹುಡುಗ ಯಾರೆಂದು ವೇಡರ್ ಹುಡುಕಿಸುತ್ತಾನೆ. ಆರನೆಯ ಸಂಚಿಕೆಯಲ್ಲಿ ಬೇಟೆಗಾರನೊಬ್ಬ ಬಂದು ಒಂದೇ ಒಂದು ಹೆಸರು ಹೇಳುತ್ತಾನೆ: ಸ್ಕೈವಾಕರ್. ಅದು ವೇಡರನದೇ ಹಳೆಯ ಹೆಸರು. (ಸಿನಿಮಾ ನೋಡದವರು ಕ್ಷಮಿಸಬೇಕು; ಈ ಗುಟ್ಟು 1980ರಲ್ಲೇ ಬಯಲಾಗಿದೆ.) ಮುಂದಿನ ಪುಟದಲ್ಲಿ ಸತ್ತುಹೋದ ಹೆಂಡತಿ, ಚಕ್ರವರ್ತಿ ಹೇಳಿದ ಸುಳ್ಳು, ಎಲ್ಲ ತುಂಡುತುಂಡಾಗಿ ಹೊಳೆದುಹೋಗುತ್ತವೆ, ಕಿಟಕಿಯ ಗಾಜು ಬಿರುಕು ಬಿಡುತ್ತದೆ. ಅವನ ಮುಖವಾಡಕ್ಕೆ ಭಾವವಿಲ್ಲ. ಲರೋಕಾ ಅದೇ ಮುಖವಾಡವನ್ನು ಮತ್ತೆ ಮತ್ತೆ ಬರೆಯುತ್ತಾರೆ, ಓದುವವರೇ ಒಳಗಿನದನ್ನು ಕಾಣಬೇಕು. ಖಳನನ್ನು ನಾಯಕನನ್ನಾಗಿ ನಿಲ್ಲಿಸಿ ಅವನ ಅಪರಾಧವನ್ನು ಮುಚ್ಚದೆ ಅವನ ದುಃಖವನ್ನು ತೋರಿಸುವುದು ಸುಲಭವಲ್ಲ. ಮುಧೋಳದ ಕವಿಗೆ ಅದು ಸಾವಿರ ವರ್ಷದ ಹಿಂದೆ ಒಲಿದಿತ್ತು. ಗಿಲ್ಲನ್ ಆ ಎತ್ತರಕ್ಕೆ ಏರುತ್ತಾರೆಂದು ನಾವು ಹೇಳುವುದಿಲ್ಲ, ದಾರಿ ಅದೇ ಎಂದಷ್ಟೇ ನಮ್ಮ ಮಾತು.

ಆದ್ದರಿಂದ ಮೊದಲು 1977ರ ಸಿನಿಮಾ. ಸಾಧ್ಯವಾದರೆ ಹಳೆಯ ಮೂರೂ. ಆಮೇಲೆ ಗಿಲ್ಲನ್‌ನ ವೇಡರ್. ಅದರ ಜೊತೆಜೊತೆಗೇ ನಡೆಯುವ, ಜೇಸನ್ ಆರನ್ ಬರೆದ ‘ಸ್ಟಾರ್ ವಾರ್ಸ್’ ಮಾಲಿಕೆಯ ಮೊದಲ ಹನ್ನೆರಡು ಸಂಚಿಕೆಗಳನ್ನು ಓದಿದರೆ ಅದೇ ಹೆಸರು ಬಯಲಾಗುವ ಕ್ಷಣ ಇನ್ನೊಂದು ಬದಿಯಿಂದ ಕಾಣುತ್ತದೆ. ಇದರ ಮೊದಲ ಸಂಚಿಕೆ 2015ರ ಜನವರಿಯಲ್ಲಿ 10 ಲಕ್ಷದ ಆಸುಪಾಸು ಪ್ರತಿ ಹೋಗಿತ್ತು, ಆದರೆ ನಮ್ಮ ಮಟ್ಟಿಗೆ ವೇಡರನದೇ ಗಟ್ಟಿ ಕೃತಿ. ಎರಡೂ ಮಾಲಿಕೆಗಳು ‘ವೇಡರ್ ಡೌನ್’ ಎಂಬಲ್ಲಿ ಕೂಡುತ್ತವೆ. ಅದನ್ನು ಬಿಟ್ಟರೆ ಮುಂದಿನ ಸಂಚಿಕೆಗಳು ಅರ್ಥವಾಗುವುದಿಲ್ಲ. ಅಲ್ಲಿಂದ ಹಿಂದಿರುಗಿ ನೋಡುವ ಮನಸ್ಸಾದವರು ಚಾರ್ಲ್ಸ್ ಸೋಲ್ ಬರೆದ 2017ರ ವೇಡರ್‌ಗೆ ಹೋಗಬೇಕು. ಅದು ಮುಖವಾಡ ತೊಟ್ಟ ಮರುಗಳಿಗೆಯಿಂದ ತೊಡಗುತ್ತದೆ. ಇಷ್ಟು ಕೈವಶವಾದ ಮೇಲೆ ‘ಡಾರ್ಕ್ ಎಂಪೈರ್’ ಅನ್ನು ಪಾಠಾಂತರವೆಂದು, 1977ರ ಸಂಚಿಕೆಗಳನ್ನು ಲಿಪಿಕಾರನ ಊಹೆಯೆಂದು ಓದಿದರೆ ಅವುಗಳ ಸೊಗಸು ಇಮ್ಮಡಿಯಾಗುತ್ತದೆ. ಸಿನಿಮಾವನ್ನು ನೋಡಲೊಲ್ಲದವರಿಗೆ ಮಿಲ್ಲರ್ ಬರೆದ ಓಡುವ ಶಿಷ್ಯನ ಕತೆ ಸಾಕು. ಅದಕ್ಕೆ ಪೂರ್ವಪರಿಚಯವೇ ಬೇಡ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ‘ಡಾರ್ತ್ ವೇಡರ್, ಸಂಪುಟ 1’ ಎಂಬ ಹೆಸರಿನಲ್ಲಿ ಈಗ ಒಂದಕ್ಕಿಂತ ಹೆಚ್ಚು ಪುಸ್ತಕಗಳಿವೆ: 2015ರ ಗಿಲ್ಲನ್, 2017ರ ಸೋಲ್, 2020ರಿಂದ ಗ್ರೆಗ್ ಪಾಕ್. ಬೆನ್ನಿನ ಮೇಲಿನ ಅಂಕಿಯನ್ನು ನಂಬದೆ ಬರೆದವರ ಹೆಸರು ನೋಡಿ ಕೊಳ್ಳಬೇಕು. ಹುಡುಗನ ಪೆಟ್ಟಿಗೆಯಲ್ಲಿದ್ದ ಎರಡರಲ್ಲಿ ಒಂದು ಗಿಲ್ಲನ್‌ನದು, ಇನ್ನೊಂದು ಸೋಲ್‌ನದು. ಮುಂದಿನ ತಿಂಗಳು ಕೂಟ ಸೂರತ್ತಿನಲ್ಲಿ ಸೇರಿದಾಗ ಇದನ್ನೆಲ್ಲ ಹೇಳಬೇಕೆಂದು ನಾವು ಟಿಪ್ಪಣಿ ಮಾಡಿಕೊಂಡು ಹೋದೆವು. ಅಷ್ಟರಲ್ಲಿ ಅವನು ಮೊಲದ ಕತೆಯನ್ನು ಮೊದಲು ಓದಿ ಮುಗಿಸಿದ್ದ.